ಹಾಜರಿಯಲ್ಲಿದ್ದಾಳೆ, ತರಗತಿಯಲ್ಲಿಲ್ಲ

ನಮ್ಮ ಗಲ್ಲಿಯ ಹುಡುಗಿಯೊಬ್ಬಳು ತನ್ನ ಹೈಸ್ಕೂಲಿನ ನೋಟು ಪುಸ್ತಕಗಳನ್ನು ರದ್ದಿಯವನಿಗೆ ಕೊಡಲು ಹೊರಟಿದ್ದಳು. ಅವುಗಳಲ್ಲಿ ಎರಡನ್ನು ನಾನು ಕೇಳಿ ಇಸಿದುಕೊಂಡೆ. ಒಂದು ಸಮಾಜ ವಿಜ್ಞಾನದ್ದು, ಇನ್ನೊಂದು ವಿಜ್ಞಾನದ್ದು. ಅಕ್ಷರಗಳು ಮುತ್ತು ಪೋಣಿಸಿದ ಹಾಗಿವೆ. ಪ್ರತಿ ಪುಟಕ್ಕೂ ಗೆರೆ ಹೊಡೆದ ಮಾರ್ಜಿನ್ ಇದೆ, ತಾರೀಖು ಇದೆ, ಅಲ್ಲಲ್ಲಿ ಕೆಂಪು ಶಾಯಿಯಲ್ಲಿ ಗುರುಗಳ ಸಹಿಯೂ ಇದೆ. ಆದರೆ ಓದುತ್ತ ಹೋದರೆ ವಾಕ್ಯಗಳು ನಡುವೆಯೇ ನಿಂತುಬಿಡುತ್ತವೆ. 'ಸಸ್ಯಗಳು ಸೂರ್ಯನ ಬೆಳಕಿನ' ಎಂದು ಬರೆದು ಮುಂದೆ ಖಾಲಿ. ಅದರ ಕೆಳಗೆ ಇನ್ನೊಂದು ವಾಕ್ಯ, ಅದೂ ಅರ್ಧ. ಮೊದಲು ನನಗೆ ತಿಳಿಯಲಿಲ್ಲ. ಆಮೇಲೆ ಹೊಳೆಯಿತು. ಗುರುಗಳು ಡಸ್ಟರ್ ಹಿಡಿದು ಬೋರ್ಡು ಅಳಿಸುತ್ತ ಬಂದಿದ್ದಾರೆ. ಡಸ್ಟರ್ ಎಲ್ಲಿಗೆ ಬಂತೋ ಅಲ್ಲಿಗೆ ಅವಳ ಬರವಣಿಗೆ ನಿಂತಿದೆ.

ಹುಡುಗಿಗೆ ಹುಟ್ಟಿನಿಂದಲೇ ಕಿವಿ ಕೇಳಿಸುವುದಿಲ್ಲ. ಹಿಡಕಲ್ ಭಾಗದ ಒಂದು ಹೈಸ್ಕೂಲಿನಲ್ಲಿ ಎಂಟನೆಯಿಂದ ಹತ್ತನೆಯವರೆಗೆ ಮೂರು ವರ್ಷ ಕೂತಳು. ಜ್ವರ ಬಂದ ದಿನ ಬಿಟ್ಟರೆ ಶಾಲೆ ತಪ್ಪಿಸಿದವಳಲ್ಲ. ಹತ್ತನೆಯ ತರಗತಿಯ ಪರೀಕ್ಷೆಯಲ್ಲಿ ಅವಳು ಮಾಡಿದ್ದು ಇಷ್ಟು: ಪ್ರಶ್ನೆಪತ್ರಿಕೆಯಲ್ಲಿದ್ದ ಪ್ರಶ್ನೆಗಳನ್ನೆಲ್ಲ ಅದೇ ಮುದ್ದಾದ ಅಕ್ಷರದಲ್ಲಿ ಉತ್ತರ ಪತ್ರಿಕೆಗೆ ಇಳಿಸಿ ಬಂದಳು. ಮನೆಗೆ ಬಂದು ತಾಯಿಯ ಮುಂದೆ ಕೂತು, ತಾನು ಏನು ಬರೆದೆ ಎಂಬುದನ್ನು ಇನ್ನೊಂದು ಹಾಳೆಯಲ್ಲಿ ಬರೆದು ತೋರಿಸಿದಳು. ಅವಳ ಮುಖದಲ್ಲಿ ಖುಷಿ ಇತ್ತಂತೆ. ಒಂದು ಪ್ರಶ್ನೆಯನ್ನೂ ಬಿಟ್ಟಿರಲಿಲ್ಲವಲ್ಲ!

ಆ ತಾಯಿ ನನ್ನ ಮುಂದೆ ಅಳಲಿಲ್ಲ. ಹಾಳೆಯನ್ನು ನನ್ನ ಕೈಗೆ ಕೊಟ್ಟು, "ಆಪಾ, ತೀನ್ ಸಾಲ್ ಇಸ್ಕು ಕ್ಯಾ ಪಢಾಯೇ?" ಎಂದು ಕೇಳಿದಳು. ಮೂರು ವರ್ಷ ಇವಳಿಗೆ ಏನು ಕಲಿಸಿದರು?

ಈ ಪ್ರಶ್ನೆಯನ್ನು ಹಿಡಿದುಕೊಂಡು ನಾನು ಆ ಶಾಲೆಗೆ ಹೋದೆ. ಹೆಡ್‌ಮಾಸ್ತರರು ಕೆಟ್ಟವರಲ್ಲ. ಕುರ್ಚಿ ಹಾಕಿಸಿ, ಚಹಾ ತರಿಸಿ, ರಿಜಿಸ್ಟರ್ ತೆಗೆದು ತೋರಿಸಿದರು. ವಿಶೇಷ ಅಗತ್ಯವುಳ್ಳ ಮಕ್ಕಳ ಕಾಲಂನಲ್ಲಿ ಹುಡುಗಿಯ ಹೆಸರಿತ್ತು. "ನೋಡ್ರಿ ಮೇಡಂ, ನಾವ್ ಯಾರನ್ನೂ ಬ್ಯಾಡ ಅಂದಿಲ್ಲ. ಅಡ್ಮಿಷನ್ ಕೊಟ್ಟೀವಿ, ಕಿವಿ ಮಷೀನ್ ಕೊಡ್ಸೀವಿ. ಇನ್ನೇನ್ ಮಾಡೂದ್ರಿ? ಆಕೀಗೆ ಕೇಳಸಂಗಿಲ್ಲ, ನಮಗ ಆಕೀ ಸನ್ನಿ ತಿಳಿಯಂಗಿಲ್ಲ" ಎಂದರು.

ಕೊನೆಯ ಮಾತಿನಲ್ಲಿ ಎಲ್ಲ ಸತ್ಯವೂ ಇದೆ. ಆಕೆಗೆ ಕೇಳಿಸುವುದಿಲ್ಲ ಎಂಬುದು ಒಂದು ಕೊರತೆ. ಅವರಿಗೆ ಅವಳ ಸನ್ನೆ ತಿಳಿಯುವುದಿಲ್ಲ ಎಂಬುದು ಇನ್ನೊಂದು ಕೊರತೆ. ಎರಡರಲ್ಲಿ ಯಾವುದನ್ನು ಸರಿಪಡಿಸಬಹುದಿತ್ತು? ಎರಡನೆಯದನ್ನು. ಶಿಕ್ಷೆ ಯಾರಿಗಾಯಿತು? ಮೊದಲನೆಯದನ್ನು ಹೊತ್ತವಳಿಗೆ. ಇದಕ್ಕೆ ನಮ್ಮ ಇಲಾಖೆಯ ಕಾಗದಗಳಲ್ಲಿ 'ಸಮನ್ವಯ ಶಿಕ್ಷಣ' ಎಂಬ ಚೆಂದದ ಹೆಸರಿದೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಒಂದು ಮಗುವಿನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆದು, ಕೊನೆಯ ಬೆಂಚಿನಲ್ಲಿ ಕೂರಿಸಿ, ಮೂರು ವರ್ಷ ಕಾಯಿಸಿ ಕಳಿಸುವುದು ಸಮನ್ವಯವಲ್ಲ. ಅದು ಗೇಟು ತೆರೆದಿಟ್ಟುಕೊಂಡು ಮಾಡುವ ಬಹಿಷ್ಕಾರ.

ಇದು ನನಗೆ ಪುಸ್ತಕ ಓದಿ ತಿಳಿದದ್ದಲ್ಲ. ನನ್ನ ಕಿವಿ ಸರಿಯಾಗಿಯೇ ಇದೆ. ಆದರೂ ಒಂದು ವರ್ಷ ನಾನು ತರಗತಿಯಲ್ಲಿ ಕಿವುಡಿಯಾಗಿ ಕೂತಿದ್ದೆ. ಏಳನೆಯವರೆಗೆ ಉರ್ದು ಶಾಲೆಯಲ್ಲಿ ಕಲಿತ ನಾನು, ಮುಂದೆ ಉರ್ದು ಹೈಸ್ಕೂಲು ಹತ್ತಿರದಲ್ಲಿ ಇಲ್ಲದ್ದರಿಂದ ಎಂಟನೆಯ ತರಗತಿಗೆ ಕನ್ನಡ ಶಾಲೆಗೆ ಬಂದೆ. 1990ರ ದಶಕದ ಮಾತು. ಬೀದಿಯ ಕನ್ನಡ ನನಗೆ ಬರುತ್ತಿತ್ತು, ಪುಸ್ತಕದ ಕನ್ನಡ ಬರುತ್ತಿರಲಿಲ್ಲ. ಗಣಿತದ ಮಾಸ್ತರರು 'ತ್ರಿಭುಜ' ಎಂದರೆ ನಾನು ಮಿಕಿಮಿಕಿ ನೋಡುತ್ತಿದ್ದೆ. ಅದು ನಾನು ಕಲಿತಿದ್ದ 'ಮುಸಲ್ಲಸ್' ಎಂದು ನನಗೆ ಯಾರೂ ಹೇಳಿರಲಿಲ್ಲ. ಜಮಾ, ತಫ್ರೀಕ್ ಎಂದು ಲೆಕ್ಕ ಕಲಿತವಳಿಗೆ ಸಂಕಲನ, ವ್ಯವಕಲನ ಎಂದರೆ ಬೇರೆ ಯಾವುದೋ ಶಾಸ್ತ್ರದಂತೆ ಕೇಳುತ್ತಿತ್ತು. ಮೊದಲ ಕಿರುಪರೀಕ್ಷೆಯಲ್ಲಿ ಬಂದ ಅಂಕ ನೋಡಿ ಕ್ಲಾಸಿನಲ್ಲಿ ನನಗೆ 'ದಡ್ಡಿ' ಎಂಬ ಹೆಸರು ಬಿತ್ತು.

ನನ್ನನ್ನು ಉಳಿಸಿದ್ದು ಯಾವ ಯೋಜನೆಯೂ ಅಲ್ಲ. ಒಬ್ಬ ಮಾಸ್ತರರು ಬೋರ್ಡಿನ ಮೇಲೆ ಮೂರು ಗೆರೆ ಎಳೆದು, "ನಿಮ್ಮಲ್ಲಿ ಇದಕ್ಕ ಏನಂತಾರವಾ?" ಎಂದು ಕೇಳಿದರು. ನಾನು ಹೇಳಿದ ಶಬ್ದವನ್ನು 'ತ್ರಿಭುಜ'ದ ಪಕ್ಕದಲ್ಲಿ ಬರೆದರು. ಆವತ್ತಿನಿಂದ ಪ್ರತಿದಿನ ಸಂಜೆ ಹದಿನೈದು ನಿಮಿಷ ಹೀಗೇ ಶಬ್ದಕ್ಕೆ ಶಬ್ದ ಕೂಡಿಸಿದರು. ಅವರಿಗೆ ಉರ್ದು ಬರುತ್ತಿರಲಿಲ್ಲ. ಆದರೆ ಮಗುವಿಗೆ ಪಾಠ ಮುಟ್ಟುತ್ತಿಲ್ಲ ಎಂದರೆ ಬದಲಾಗಬೇಕಾದ್ದು ಪಾಠ ಎಂಬುದು ಅವರಿಗೆ ಗೊತ್ತಿತ್ತು. ವರ್ಷ ಮುಗಿಯುವಷ್ಟರಲ್ಲಿ ನಾನು ದಡ್ಡಿಯಾಗಿ ಉಳಿದಿರಲಿಲ್ಲ. ಇಂದು ನಾನು ಕನ್ನಡದಲ್ಲಿ ಕಥೆ ಬರೆಯುತ್ತಿದ್ದರೆ ಅದರ ಹಿಂದೆ ಆ ಹದಿನೈದು ನಿಮಿಷಗಳಿವೆ. ನಮ್ಮ ಗಲ್ಲಿಯ ಹುಡುಗಿಗೆ ಆ ಹದಿನೈದು ನಿಮಿಷ ಸಿಗಲಿಲ್ಲ.

ಭಾಷೆಯ ಮಾತು ಬಂದದ್ದರಿಂದ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಪ್ರಥಮ ಭಾಷೆ ಯಾವುದಿರಬೇಕು ಎಂಬ ಪ್ರಶ್ನೆಗೆ ಈ ನಾಡು ಬೀದಿಗಿಳಿದ ಚರಿತ್ರೆ ಇದೆ. 1981ರಲ್ಲಿ ವಿ.ಕೃ. ಗೋಕಾಕರ ಸಮಿತಿ ಕನ್ನಡಕ್ಕೆ 150 ಅಂಕಗಳ ಪ್ರಥಮ ಭಾಷೆಯ ಸ್ಥಾನ ಕೊಡಬೇಕೆಂದು ವರದಿ ಕೊಟ್ಟಿತು. 1982ರಲ್ಲಿ ಡಾ. ರಾಜ್‌ಕುಮಾರ್ ಆದಿಯಾಗಿ ಜನ ಚಳವಳಿಗೆ ಇಳಿದರು. ಉರ್ದು, ಮರಾಠಿ ಮಾತಾಡುವವರು ತಮ್ಮ ಮಾತೃಭಾಷೆಯ ಗತಿಯೇನು ಎಂದು ಕೇಳಿದರು. ನಮ್ಮ ಬೆಳಗಾವಿ ಜಿಲ್ಲೆಯಲ್ಲಂತೂ ಭಾಷೆಯ ಜಗಳ ಇವತ್ತಿಗೂ ಆರಿಲ್ಲ. ಆದರೆ ಇಷ್ಟೆಲ್ಲ ಗದ್ದಲದಲ್ಲಿ ಕಿವುಡ ಮಗುವಿನ ಪ್ರಥಮ ಭಾಷೆ ಯಾವುದು ಎಂದು ಕೇಳುವವರಿಲ್ಲ. ಅದು ಕನ್ನಡವೂ ಅಲ್ಲ, ಉರ್ದುವೂ ಅಲ್ಲ, ಮರಾಠಿಯೂ ಅಲ್ಲ. ಅದು ಸನ್ನೆ. 2015ರಲ್ಲಿ ಕೇಂದ್ರ ಸರ್ಕಾರ ಭಾರತೀಯ ಸನ್ನೆ ಭಾಷೆಗೆಂದೇ ದೆಹಲಿಯಲ್ಲಿ ಒಂದು ಸಂಶೋಧನೆ ಮತ್ತು ತರಬೇತಿ ಕೇಂದ್ರ ಸ್ಥಾಪಿಸಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಸನ್ನೆ ಭಾಷೆಯ ಪಠ್ಯ ತಯಾರಿಸಬೇಕೆಂದು ಹೇಳಿತು. 2021ರಲ್ಲಿ ರಾಷ್ಟ್ರೀಯ ಮುಕ್ತ ಶಾಲೆಯಲ್ಲಿ ಅದು ಒಂದು ವಿಷಯವೂ ಆಯಿತು. ದೆಹಲಿಯಲ್ಲಿ ಭಾಷೆಯಾದದ್ದು ಹಿಡಕಲ್‌ಗೆ ಬರುವಷ್ಟರಲ್ಲಿ 'ಮೂಕಿ ಕೈ ಆಡಿಸ್ತಾಳ' ಎಂದಾಗುತ್ತದೆ.

ಕಾನೂನಿಲ್ಲ ಎಂದು ಯಾರೂ ಹೇಳುವಂತಿಲ್ಲ. ಅಂಗವಿಕಲ ಮಕ್ಕಳನ್ನು ಸಾಮಾನ್ಯ ಶಾಲೆಗೆ ಸೇರಿಸುವ ಕೇಂದ್ರದ ಯೋಜನೆ 1974ರಷ್ಟು ಹಳೆಯದು. 1995ರ ಕಾಯ್ದೆ 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. 2007ರಲ್ಲಿ ಭಾರತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಒಪ್ಪಿಗೆ ಹಾಕಿತು. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳ ಪಟ್ಟಿಯನ್ನು 21ಕ್ಕೆ ಏರಿಸಿತು. ಅದರ 16ನೆಯ ಕಲಮು ಶಾಲೆಗಳು ಏನೇನು ಮಾಡಲೇಬೇಕು ಎಂಬುದನ್ನು ಒಂದೊಂದಾಗಿ ಹೇಳುತ್ತದೆ. ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಕಟ್ಟಡ ಎಲ್ಲರಿಗೂ ಎಟುಕಬೇಕು, ಪ್ರತಿ ಮಗುವಿನ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು, ಕುರುಡ ಕಿವುಡ ಮಕ್ಕಳಿಗೆ ಅವರಿಗೆ ಹೊಂದುವ ಭಾಷೆ ಮತ್ತು ವಿಧಾನದಲ್ಲಿ ಕಲಿಸಬೇಕು. 31ನೆಯ ಕಲಮು 6ರಿಂದ 18 ವರ್ಷದ ಮಗುವಿಗೆ ನೆರೆಯ ಶಾಲೆ ಅಥವಾ ಬಯಸಿದರೆ ವಿಶೇಷ ಶಾಲೆ, ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಹಕ್ಕು ಕೊಡುತ್ತದೆ.

ಇಲ್ಲಿ ಒಂದು ಸಂಗತಿ ಗಮನಿಸಬೇಕು. 2009ರ ಶಿಕ್ಷಣ ಹಕ್ಕು ಕಾಯ್ದೆ 14 ವರ್ಷಕ್ಕೆ ನಿಂತುಬಿಡುತ್ತದೆ. ಅಲ್ಲಿಯವರೆಗೆ ಮಗು ಶಾಲೆ ಬಿಟ್ಟರೆ ಹುಡುಕಿಕೊಂಡು ಬರುವವರಿದ್ದಾರೆ, ಲೆಕ್ಕ ಕೇಳುವವರಿದ್ದಾರೆ. ಅದರಾಚೆ ಕೇಳುವವರಿಲ್ಲ. ಅಂಗವಿಕಲ ಮಗುವಿನ ಹಕ್ಕು 18ರವರೆಗೆ ಇದೆ ಎಂಬುದು ಬಹಳ ಜನ ತಂದೆತಾಯಿಗಳಿಗೆ ಗೊತ್ತಿಲ್ಲ. ಗೊತ್ತಿರಬೇಕಾದವರು ಹೇಳುವುದೂ ಇಲ್ಲ. ಪ್ರಾಥಮಿಕ ಶಾಲೆಯಲ್ಲಿ ಒಬ್ಬರೇ ಗುರುಗಳು ದಿನವಿಡೀ ಮಗುವಿನ ಜೊತೆ ಇರುತ್ತಾರೆ, ಅವರಿಗೆ ಅದರ ಸ್ವಭಾವ ತಿಳಿದಿರುತ್ತದೆ. ಹೈಸ್ಕೂಲಿನಲ್ಲಿ ಗಂಟೆಗೊಬ್ಬರು ಬಂದು ಹೋಗುತ್ತಾರೆ. ಪಾಠ ದಪ್ಪವಾಗುತ್ತದೆ, ಹುಡುಗಿಯರಿಗೆ ಶೌಚಾಲಯದ ಕಷ್ಟ ಹೆಚ್ಚುತ್ತದೆ, ದಾರಿ ದೂರವಾಗುತ್ತದೆ. ಏಳನೆಯವರೆಗೆ ಹೇಗೋ ಬಂದ ಮಗು ಬೀಳುವುದು ಇಲ್ಲಿ.

ಸರ್ಕಾರದ ಬಳಿ ಹಣವಿಲ್ಲವೇ? ಇದೆ, ಎಷ್ಟಿದೆ ನೋಡಿ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಒಬ್ಬ ಅಂಗವಿಕಲ ವಿದ್ಯಾರ್ಥಿಗೆ ವರ್ಷಕ್ಕೆ ಗರಿಷ್ಠ 3,500 ರೂಪಾಯಿ. ಹುಡುಗಿಯಾದರೆ ತಿಂಗಳಿಗೆ 200 ರೂಪಾಯಿಯಂತೆ ಹತ್ತು ತಿಂಗಳು ಭತ್ಯೆ. ಇನ್ನೂರು ರೂಪಾಯಿಗೆ ಗೋಕಾಕದಲ್ಲಿ ಅರ್ಧ ಕಿಲೋ ಒಳ್ಳೆಯ ಕರದಂಟು ಬರುವುದೂ ಕಷ್ಟ. ಇಷ್ಟು ಕೊಟ್ಟು, ಒಂದು ದಿನ ಶಿಬಿರ ಮಾಡಿ, ಕಿವಿ ಯಂತ್ರ, ಗಾಲಿಕುರ್ಚಿ ಹಂಚಿ, ಫೋಟೋ ಹೊಡೆಸಿಕೊಂಡು ಹೋಗುತ್ತಾರೆ. ಯಂತ್ರದ ಬ್ಯಾಟರಿ ಮುಗಿದ ಮೇಲೆ ಅದು ಕಪಾಟು ಸೇರುತ್ತದೆ. ನಮ್ಮ ಹುಡುಗಿಯ ಯಂತ್ರವೂ ಅಲ್ಲೇ ಇದೆ.

ಬೇಕಾದ್ದು ಯಂತ್ರಕ್ಕಿಂತ ಮೊದಲು ಮನುಷ್ಯರು, ಅಂದರೆ ವಿಶೇಷ ತರಬೇತಿ ಪಡೆದ ಶಿಕ್ಷಕರು. ಈಗ ನಮ್ಮಲ್ಲಿ ತಾಲೂಕಿನ ಸಂಪನ್ಮೂಲ ಕೇಂದ್ರದಲ್ಲಿ ಬೆರಳೆಣಿಕೆಯ ಸಂಪನ್ಮೂಲ ಶಿಕ್ಷಕರು ಇರುತ್ತಾರೆ. ಇಡೀ ತಾಲೂಕಿನ ಶಾಲೆಗಳನ್ನು, ಮನೆಯಲ್ಲೇ ಮಲಗಿರುವ ಮಕ್ಕಳನ್ನು ಅವರೇ ನೋಡಬೇಕು. ಹುಕ್ಕೇರಿ, ಗೋಕಾಕ, ಮೂಡಲಗಿಯ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತುವಷ್ಟರಲ್ಲೇ ಅವರ ವರ್ಷ ಮುಗಿಯುತ್ತದೆ. ರಜನೀಶ್ ಕುಮಾರ್ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ ಈ ಬಗ್ಗೆ ಕಟ್ಟುನಿಟ್ಟಾಗಿ ಹೇಳಿತು. 2022ರಲ್ಲಿ ಕೇಂದ್ರವು ಪ್ರಾಥಮಿಕ ಹಂತದಲ್ಲಿ 10 ಅಂಗವಿಕಲ ಮಕ್ಕಳಿಗೆ ಒಬ್ಬ, ಅದರ ಮೇಲಿನ ಹಂತದಲ್ಲಿ 15 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕ ಎಂಬ ಲೆಕ್ಕ ಕೊಟ್ಟಿತು. ರಾಜ್ಯಗಳು ಅಲುಗಾಡಲಿಲ್ಲ. 2025ರ ಮಾರ್ಚಿನಲ್ಲಿ ಕೋರ್ಟು ಮತ್ತೆ ರಾಜ್ಯಗಳಿಗೆ ಹುದ್ದೆಗಳನ್ನು ಮಂಜೂರು ಮಾಡಿ ಪ್ರಕಟಿಸಿ, ನೇಮಕ ಮಾಡಿ ಎಂದು ಆದೇಶಿಸಬೇಕಾಯಿತು. ಒಂದು ಮಗುವಿನ ಹೈಸ್ಕೂಲು ಮೂರು ವರ್ಷಕ್ಕೆ ಮುಗಿಯುತ್ತದೆ. ಒಂದು ಆದೇಶ ಇನ್ನೊಂದು ಆದೇಶವಾಗುವುದಕ್ಕೇ ಅದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಇಳಿಜಾರಿನ ಕಥೆ ಕೇಳಿ. ನಾವು ಹಿಡಕಲ್‌ನವರು. ಇಳಿಜಾರಿನ ಲೆಕ್ಕ ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಘಟಪ್ರಭೆಗೆ ಅಡ್ಡ ಕಟ್ಟಿ ನಿಲ್ಲಿಸಿದ ರಾಜಾ ಲಖಮಗೌಡ ಜಲಾಶಯದಲ್ಲಿ 51 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಆ ನೀರು ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳ ಹೊಲಗಳನ್ನು ತಲುಪಬೇಕೆಂದು ಇಂಜಿನಿಯರುಗಳು ಕಾಲುವೆಯ ಉದ್ದಕ್ಕೂ ಇಳಿಜಾರು ಅಳೆದಿದ್ದಾರೆ. ಗುಡ್ಡ ಬಂದರೆ ಕಡಿದಿದ್ದಾರೆ, ಹಳ್ಳ ಬಂದರೆ ದಾಟಿಸಿದ್ದಾರೆ. ನೀರು ತಾನಾಗಿ ಹತ್ತಲಿ ಎಂದು ಯಾರೂ ಹೇಳಲಿಲ್ಲ. ಆದರೆ ಕಾಲಿಲ್ಲದ ಹುಡುಗ ಶಾಲೆಯ ನಾಲ್ಕು ಮೆಟ್ಟಿಲು ಹತ್ತಬೇಕೆಂದರೆ 'ಅವನ ಹಣೆಬರಹ' ಎನ್ನುತ್ತೇವೆ. ಗಾಲಿಕುರ್ಚಿಯ ಇಳಿಜಾರಿಗೆ ಲೆಕ್ಕ ಸುಲಭ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ನಮ್ಮ ಎಷ್ಟೋ ಶಾಲೆಗಳಲ್ಲಿ ಕಟ್ಟಿರುವುದನ್ನು ಹೋಗಿ ನೋಡಿ. ಎರಡು ಅಡಿ ಎತ್ತರಕ್ಕೆ ಐದಾರು ಅಡಿ ಉದ್ದ, ಹಿಡಿಕೆ ಇಲ್ಲ, ಕೆಳಗೆ ಕೆಸರು. ಅದರ ಮೇಲೆ ಗಾಲಿಕುರ್ಚಿ ಹತ್ತುವುದಿಲ್ಲ, ಸೈಕಲ್ಲು ಹತ್ತುತ್ತದೆ. ಕೆಲವು ಕಡೆ ಅದೂ ಬಂದದ್ದು ಮಗುವಿಗಾಗಿ ಅಲ್ಲ. ಶಾಲೆ ಮತಗಟ್ಟೆಯಾದ್ದರಿಂದ, ಮತಗಟ್ಟೆಗೆ ಇಳಿಜಾರು ಇರಲೇಬೇಕೆಂಬ ಚುನಾವಣಾ ಆಯೋಗದ ನಿಯಮಕ್ಕಾಗಿ. ಐದು ವರ್ಷಕ್ಕೊಮ್ಮೆ ಬರುವ ಮತದಾರನಿಗೆ ಇಳಿಜಾರು ಬೇಕು, ದಿನಾ ಬರುವ ವಿದ್ಯಾರ್ಥಿಗೆ ಬೇಡ!

2015ರ ಕೊನೆಯಲ್ಲಿ ಪ್ರಧಾನಿಯವರು 'ವಿಕಲಾಂಗ' ಬೇಡ, 'ದಿವ್ಯಾಂಗ' ಎನ್ನಿ ಎಂದರು. ಮರುವರ್ಷ ಇಲಾಖೆಯ ಹಿಂದಿ ಹೆಸರೂ ಬದಲಾಯಿತು. ದಿವ್ಯ ಎಂದು ಕರೆಸಿಕೊಂಡವರು ಇನ್ನೂ ಬಸ್ಸಿನ ಮೆಟ್ಟಿಲ ಮುಂದೆ ನಿಂತಿದ್ದಾರೆ. 2023ರ ಜೂನ್‌ನಿಂದ ನಮ್ಮ ರಾಜ್ಯದಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತ. ನಾನೂ ಅದರ ಫಲಾನುಭವಿ, ಕೃತಜ್ಞತೆ ಇದೆ. ಆದರೆ ಕಾಲು ಎತ್ತಲಾಗದ ಹುಡುಗಿಗೆ ಟಿಕೆಟ್ ಸೊನ್ನೆಯಾದರೇನು, ಮೆಟ್ಟಿಲು ಎರಡು ಅಡಿ ಎತ್ತರವೇ ಇದೆ.

ಇನ್ನು ಶಾಲೆಯವರು ಬಾಯಿಬಿಟ್ಟು ಹೇಳದ ಕಾರಣಕ್ಕೆ ಬರೋಣ. ಅದು ಎಸ್.ಎಸ್.ಎಲ್.ಸಿ. ಫಲಿತಾಂಶದ ಭಯ. ನಮ್ಮ ಮೂರೂ ತಾಲೂಕುಗಳು ಚಿಕ್ಕೋಡಿ ಶೈಕ್ಷಣಿಕ ಜಿಲ್ಲೆಗೆ ಸೇರುತ್ತವೆ. ಪ್ರತಿ ವರ್ಷ ಪತ್ರಿಕೆಗಳಲ್ಲಿ ಜಿಲ್ಲೆಗಳ ಪಟ್ಟಿ ಬರುತ್ತದೆ, ಯಾರು ಮೇಲೆ ಹೋದರು, ಯಾರು ಕೆಳಗಿಳಿದರು ಎಂದು. ಮೇಲಿನ ಅಧಿಕಾರಿ ಕೆಳಗಿನವರನ್ನು ಕರೆಸಿ ಬೈಯುತ್ತಾರೆ, ಅವರು ಹೆಡ್‌ಮಾಸ್ತರರನ್ನು, ಅವರು ಮಾಸ್ತರರನ್ನು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್ ಕ್ಯಾಮೆರಾ ಬಂದು ರಾಜ್ಯದ ಫಲಿತಾಂಶ ಹಿಂದಿನ ವರ್ಷಕ್ಕಿಂತ ಶೇಕಡಾ ಹತ್ತರಷ್ಟು ಕುಸಿದ ಮೇಲೆ ಈ ಭಯ ಇನ್ನೂ ಹೆಚ್ಚಿದೆ. ಇಂಥಲ್ಲಿ ನಿಧಾನವಾಗಿ ಕಲಿಯುವ ಮಗು ಶಾಲೆಗೆ ವಿದ್ಯಾರ್ಥಿಯಲ್ಲ, ಅದು ಕಳೆಯುವ ಲೆಕ್ಕ. 'ಖಾಸಗಿಯಾಗಿ ಕಟ್ಟಿಸ್ರಿ', 'ವಿಶೇಷ ಶಾಲೆಗೆ ಹಾಕ್ರಿ, ಆಕೀಗೂ ಚೊಲೋ' ಎಂಬ ಸಲಹೆಗಳು ಹುಟ್ಟುವುದು ಇಲ್ಲಿಂದ. ಇವುಗಳಲ್ಲಿ ಕರುಣೆಯ ಧ್ವನಿ ಇದೆ. ಒಳಗಿರುವುದು ಶೇಕಡಾವಾರು.

ಪರೀಕ್ಷೆಯಲ್ಲಿ ರಿಯಾಯಿತಿಗಳಿವೆ. ಹೆಚ್ಚುವರಿ ಸಮಯ, ಬರೆದುಕೊಡಲು ಲಿಪಿಕಾರ, ಭಾಷೆಯಲ್ಲಿ ವಿನಾಯಿತಿ. ಆದರೆ ಇವು ಎಷ್ಟೋ ಮನೆಗಳಿಗೆ ತಿಳಿಯುವುದು ಹತ್ತನೆಯ ತರಗತಿಯ ಅರ್ಧ ವರ್ಷ ಕಳೆದ ಮೇಲೆ. ಆಗ ವೈದ್ಯಕೀಯ ಪ್ರಮಾಣಪತ್ರಕ್ಕೆ ಓಡಾಟ. ಶೇಕಡಾ 40 ಇದ್ದರೆ ಉಂಟು, 38 ಇದ್ದರೆ ಇಲ್ಲ ಎಂಬ ಮಾತು ಬೇರೆ. 2021ರ ವಿಕಾಸ್ ಕುಮಾರ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ನಲವತ್ತರ ಗೆರೆ ಹಿಡಿದು ಲಿಪಿಕಾರರನ್ನು ನಿರಾಕರಿಸುವಂತಿಲ್ಲ ಎಂದು ಸ್ಪಷ್ಟವಾಗಿ ಹೇಳಿದೆ. ಆ ತೀರ್ಪು ನಮ್ಮ ಶಾಲೆಗಳ ನೋಟಿಸ್ ಬೋರ್ಡಿಗೆ ಬಂದಿಲ್ಲ.

ರಿಯಾಯಿತಿಯ ಇನ್ನೊಂದು ಮುಖವನ್ನೂ ನೋಡಬೇಕು. ಕುರುಡ ಮಗು ಎಂದರೆ ನಮಗೆ ಮೊದಲು ಹೊಳೆಯುವುದು ಹಾರ್ಮೋನಿಯಂ. ಅದಕ್ಕೆ ಕಾರಣವೂ ಇದೆ. ಗದುಗಿನ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಜಾತಿ ಮತ ನೋಡದೆ ಎಷ್ಟೋ ಕುರುಡ ಮಕ್ಕಳಿಗೆ ಅನ್ನ ಕೊಟ್ಟು, ಸಂಗೀತ ಕೊಟ್ಟು, ಬದುಕು ಕೊಟ್ಟರು. ಸರ್ಕಾರ ಮಾಡದ್ದನ್ನು ಅವರು ಜೋಳಿಗೆ ಹಿಡಿದು ಮಾಡಿದರು. ಅವರಿಗೆ ತಲೆಬಾಗುತ್ತೇನೆ. ಆದರೆ ಅವರ ಹೆಸರು ಹೇಳಿಕೊಂಡು, ಕುರುಡ ಹುಡುಗ ಗಣಿತ ಕೇಳಿದರೆ 'ನಿನಗ್ಯಾಕ, ಸಂಗೀತ ತಗೋ' ಎನ್ನುವುದು ಸರಿಯಲ್ಲ. ಗಣಿತ, ವಿಜ್ಞಾನಕ್ಕೆ ಬದಲಿ ವಿಷಯ ತೆಗೆದುಕೊಳ್ಳುವ ಅವಕಾಶ ಇರುವುದು ಬೇಕಾದವರಿಗೆ. ಕಲಿಸುವ ಕಷ್ಟ ತಪ್ಪಿಸಿಕೊಳ್ಳಲು ಶಾಲೆಗೆ ಇರುವ ದಾರಿಯಲ್ಲ ಅದು. ಹತ್ತನೆಯಲ್ಲಿ ಗಣಿತ ಬಿಡಿಸಿದರೆ ಮುಂದೆ ಪಿ.ಯು.ಸಿ.ಯಲ್ಲಿ ಎಷ್ಟು ಬಾಗಿಲು ಮುಚ್ಚುತ್ತವೆ ಎಂದು ಆ ಹದಿನಾಲ್ಕರ ಹುಡುಗನಿಗೆ ಯಾರು ಹೇಳುತ್ತಾರೆ?

ಎದುರು ವಾದಗಳನ್ನು ನಾನು ತಳ್ಳಿಹಾಕುವುದಿಲ್ಲ. ಶಿಕ್ಷಕರ ಮೇಲೆ ಹೊರೆ ಇದೆ ಎಂಬುದು ನಿಜ. ಮತದಾರರ ಪಟ್ಟಿ ಅವರದು, ಸಮೀಕ್ಷೆ ಅವರದು, ಮೊಟ್ಟೆ ಬಾಳೆಹಣ್ಣಿನ ಲೆಕ್ಕವೂ ಅವರದು. ಹಾಗಾದರೆ ಆ ಹೊರೆಯ ವಿರುದ್ಧ ಹೋರಾಡೋಣ, ನಾವು ಪಾಲಕರೂ ಜೊತೆಗೆ ಬರುತ್ತೇವೆ. ಅದರ ಬದಲು ಹೊರೆಯನ್ನು ಎಲ್ಲಕ್ಕಿಂತ ಬಡಪಾಯಿ ಮಗುವಿನ ಮೇಲೆ ಇಳಿಸುವುದು ಯಾವ ನ್ಯಾಯ?

ವಿಶೇಷ ಶಾಲೆಯೇ ಮೇಲು ಎಂಬ ವಾದ ಇದಕ್ಕಿಂತ ಗಟ್ಟಿಯಾದದ್ದು. ಅದನ್ನು ಹೇಳುವವರಲ್ಲಿ ಕಿವುಡರೂ ಇದ್ದಾರೆ. ತಮ್ಮ ಭಾಷೆ, ತಮ್ಮ ಗೆಳೆಯರು ಸಿಕ್ಕಿದ್ದು ಅಲ್ಲಿಯೇ ಎಂದು ಅವರು ಹೇಳಿದರೆ ನಾನು ಕೇಳಿಸಿಕೊಳ್ಳಬೇಕು. ಮೈಸೂರಿನಲ್ಲಿ 1901ರಲ್ಲೇ ಕಿವುಡ ಕುರುಡ ಮಕ್ಕಳಿಗೆ ಶಾಲೆ ತೆರೆದಿತ್ತು. ಬೆಳಗಾವಿಯಲ್ಲಿಯೂ ಕಿವುಡ ಮಕ್ಕಳ ಸರ್ಕಾರಿ ಶಾಲೆ ಇದೆ. ಆರಿಸಿಕೊಳ್ಳುವವರು ಆರಿಸಿಕೊಳ್ಳಲಿ. ಆದರೆ ಒಂದು ಕಡೆ ಭಾಷೆಯೇ ಇಲ್ಲದ ಊರಿನ ಶಾಲೆ, ಇನ್ನೊಂದು ಕಡೆ ತಾಯಿಯನ್ನು ಬಿಟ್ಟು ದೂರದ ಹಾಸ್ಟೆಲ್ಲು, ಇವೆರಡರಲ್ಲಿ ಒಂದನ್ನು ಆರಿಸಿಕೊ ಎನ್ನುವುದು ಆಯ್ಕೆಯಲ್ಲ. ಊರಿನ ಶಾಲೆ ಶಾಲೆಯ ಹಾಗಿದ್ದಾಗ ಮಾತ್ರ ವಿಶೇಷ ಶಾಲೆ ಆಯ್ಕೆಯಾಗುತ್ತದೆ. ಅಲ್ಲಿಯವರೆಗೆ ಅದು ಗಡೀಪಾರು.

ಉಳಿದ ಮಕ್ಕಳಿಗೆ ನಷ್ಟ ಎನ್ನುವವರಿಗೆ ಒಂದು ಪ್ರಶ್ನೆ. ಮಾಸ್ತರರು ಮಕ್ಕಳ ಕಡೆ ಮುಖ ಮಾಡಿ ನಿಧಾನವಾಗಿ ಮಾತಾಡಿದರೆ, ಮುಖ್ಯ ಶಬ್ದಗಳನ್ನು ಮೊದಲೇ ಬೋರ್ಡಿನ ಮೇಲೆ ಬರೆದರೆ, ಎಲ್ಲರೂ ಬರೆದುಕೊಂಡರೇ ಎಂದು ನೋಡಿ ಅಳಿಸಿದರೆ ಯಾವ ಮಗುವಿಗೆ ನಷ್ಟ? ನನ್ನಂತೆ ಉರ್ದುವಿನಿಂದ ಬಂದವರಿಗೆ, ಲಂಬಾಣಿ, ಮರಾಠಿ ಮನೆಗಳಿಂದ ಬಂದವರಿಗೆ, ಮುಂಜಾನೆ ಕಬ್ಬಿನ ಹೊಲದಲ್ಲಿ ದುಡಿದು ಬಂದು ತೂಕಡಿಸುವವರಿಗೆ, ಎಲ್ಲರಿಗೂ ಅದರಿಂದ ಲಾಭ. ಮಹಡಿಯ ಮೇಲಿನ ಎಂಟನೆಯ ತರಗತಿಯನ್ನು ಕೆಳಗಿನ ಕೋಣೆಗೆ ಇಳಿಸಲು ಯಾವ ಅನುದಾನ ಬೇಕು? ನಲವತ್ತು ಮಕ್ಕಳು ದಿನಕ್ಕೆರಡು ಸನ್ನೆ ಕಲಿತರೆ ಒಂದು ವರ್ಷದಲ್ಲಿ ಆ ಹುಡುಗಿಗೆ ಮಾತಾಡಲು ನಲವತ್ತು ಜನ ಸಿಗುತ್ತಿದ್ದರು. ಮಕ್ಕಳು ನಮಗಿಂತ ಬೇಗ ಕಲಿಯುತ್ತಾರೆ, ಅವರಿಗೆ ಅದು ಆಟ.

ಈಗ ನಮ್ಮವರ ಕಡೆ ತಿರುಗುತ್ತೇನೆ. ಸರ್ಕಾರವನ್ನು ಬೈದು ಮನೆಯ ಮಾತು ಮುಚ್ಚಿಟ್ಟರೆ ಈ ಲೇಖನಕ್ಕೆ ಅರ್ಥವಿಲ್ಲ. ಅಂಗವಿಕಲ ಮಗು ಹುಟ್ಟಿದರೆ ಮೊದಲು ತಾಯತ, ಆಮೇಲೆ ದರ್ಗಾ, ಆಮೇಲೆ ಡಾಕ್ಟರು, ಕೊನೆಗೆ ಶಾಲೆ. ಹೆಣ್ಣಾದರೆ ಶಾಲೆಯೂ ಇಲ್ಲ. ಮನೆಗೆ ಬಂದವರ ಕಣ್ಣಿಗೆ ಬೀಳದಂತೆ ಒಳಮನೆಯಲ್ಲಿ ಇಟ್ಟು, 'ಉಳಿದ ಹುಡುಗಿಯರ ಮದುವೆಗೆ ಅಡ್ಡಿಯಾದೀತು' ಎನ್ನುತ್ತೇವೆ. ಇದು ಮುಸ್ಲಿಮರ ಮನೆಗಳಲ್ಲಿ ಮಾತ್ರ ಇರುವುದಲ್ಲ, ಎಲ್ಲ ಕೇರಿಗಳಲ್ಲೂ ಇದೆ. ಆದರೆ ನಾವು ಉತ್ತರ ಹೇಳಬೇಕಾದ್ದು ನಮ್ಮ ಮನೆಗೆ. ಮಸೀದಿಯ ಮಿನಾರಿಗೆ ಚಂದಾ ಎತ್ತುವ ನಾವು ಮಸೀದಿಯ ಮೆಟ್ಟಿಲ ಪಕ್ಕ ಇಳಿಜಾರು ಮಾಡಲು ಎತ್ತಿದ್ದೇವೆಯೇ?

ಕುರ್‌ಆನಿನ 80ನೆಯ ಅಧ್ಯಾಯದ ಹೆಸರು 'ಅಬಸ', ಮುಖ ಸಿಂಡರಿಸಿದರು ಎಂದು ಅರ್ಥ. ಅದರ ಹಿನ್ನೆಲೆ ನಮ್ಮಲ್ಲಿ ಬಹಳ ಜನರಿಗೆ ಗೊತ್ತಿದೆ. ಪ್ರವಾದಿ(ಸ)ಯವರು ಕುರೈಷ್ ಮುಖಂಡರ ಜೊತೆ ಮಾತಿನಲ್ಲಿದ್ದಾಗ ಅಂಧರಾದ ಅಬ್ದುಲ್ಲಾ ಇಬ್ನ್ ಉಮ್ಮಿ ಮಕ್ತೂಮ್(ರ) ಬಂದು ತನಗೆ ಕಲಿಸಬೇಕೆಂದು ಕೇಳಿದರು. ಆ ಗಳಿಗೆಯಲ್ಲಿ ಮುಖ ತಿರುಗಿಸಿದ್ದಕ್ಕೆ ಪ್ರವಾದಿಯವರನ್ನೇ ಎಚ್ಚರಿಸುವ ವಚನಗಳು ಇಳಿದವು. ಮುಂದೆ ಅದೇ ಅಂಧ ಸಂಗಾತಿ ಮದೀನಾದಲ್ಲಿ ಬಿಲಾಲ್(ರ)ರ ಜೊತೆಗೆ ಅಝಾನ್ ಕೊಡುವವರಾದರು. ಪ್ರವಾದಿಯವರು ಊರು ಬಿಟ್ಟು ಹೋದಾಗ ಅವರ ಪ್ರತಿನಿಧಿಯಾಗಿಯೂ ನಿಂತರು. ಕಲಿಯಲು ಬಂದ ಒಬ್ಬ ಕುರುಡನಿಗೆ ಮುಖ ತಿರುಗಿಸುವುದು ಅಷ್ಟು ದೊಡ್ಡ ತಪ್ಪಾಗಿದ್ದರೆ, ಕಲಿಯಲು ಬಂದ ಮಗುವನ್ನು ಮೂರು ವರ್ಷ ನೋಡದೇ ಇರುವುದು ಎಂಥದು? ಈ ಅಧ್ಯಾಯವನ್ನು ನಮಾಜಿನಲ್ಲಿ ಓದುವವರು ಒಮ್ಮೆ ಯೋಚಿಸಲಿ. ಕಿವುಡ ಮಗುವಿಗೆ ಝಕಾತಿನ ಹಣ ಕೊಟ್ಟು ಪುಣ್ಯ ಕಟ್ಟಿಕೊಳ್ಳುವುದು ಸುಲಭ. ಅದರ ತಾಯಿಯ ಜೊತೆ ಹುಕ್ಕೇರಿಗೆ ಹೋಗಿ, ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿಯಲ್ಲಿ ಕೂತು, 16ನೆಯ ಕಲಮು ಏನು ಹೇಳುತ್ತದೆ ಎಂದು ಕೇಳುವುದು ಕಷ್ಟ. ಮಗುವಿಗೆ ಬೇಕಾಗಿರುವುದು ಎರಡನೆಯದು.

ಹಾಗಾದರೆ ಏನು ಕೇಳಬೇಕು? ಹುಕ್ಕೇರಿ, ಗೋಕಾಕ, ಮೂಡಲಗಿಗಳಲ್ಲಿ ಎಂಟರಿಂದ ಹತ್ತನೆಯವರೆಗೆ ಎಷ್ಟು ಅಂಗವಿಕಲ ಮಕ್ಕಳಿದ್ದಾರೆ, ಅವರಿಗೆ ಎಷ್ಟು ವಿಶೇಷ ಶಿಕ್ಷಕರು ಬೇಕು, ಎಷ್ಟು ಜನ ಇದ್ದಾರೆ ಎಂಬುದನ್ನು ಇಲಾಖೆ ಬರೆದು ಗೋಡೆಗೆ ಅಂಟಿಸಲಿ. ಒಂದು ಶಾಲೆಯಲ್ಲಿ ಇಬ್ಬರೇ ಮಕ್ಕಳಿದ್ದರೆ ನಾಲ್ಕೈದು ಶಾಲೆಗೆ ಒಬ್ಬ ಶಿಕ್ಷಕರನ್ನು ಕೊಟ್ಟು, ಇಂಥ ದಿನ ಇಂಥ ಶಾಲೆ ಎಂದು ಗೊತ್ತುಮಾಡಲಿ. ಪರೀಕ್ಷೆಯ ರಿಯಾಯಿತಿಗಳನ್ನು ಎಂಟನೆಯ ತರಗತಿಗೆ ಹೆಸರು ಹಚ್ಚುವ ದಿನವೇ ಪಾಲಕರಿಗೆ ಲಿಖಿತವಾಗಿ ಕೊಡಲಿ. ಶಾಲೆಯ ಫಲಿತಾಂಶವನ್ನು ಅಳೆಯುವಾಗ ಎಷ್ಟು ಜನ ಪಾಸಾದರು ಎಂಬುದರ ಜೊತೆಗೆ, ಎಂಟನೆಯಲ್ಲಿ ಸೇರಿದ ಅಂಗವಿಕಲ ಮಕ್ಕಳಲ್ಲಿ ಎಷ್ಟು ಜನ ಹತ್ತನೆಯವರೆಗೆ ಉಳಿದರು ಎಂದೂ ಕೇಳಲಿ. ಹಾಗೆ ಕೇಳಿದ ದಿನ ಆ ಮಗು ಕಳೆಯುವ ಲೆಕ್ಕವಾಗಿ ಉಳಿಯುವುದಿಲ್ಲ. ಶಾಲಾಭಿವೃದ್ಧಿ ಸಮಿತಿಯಲ್ಲಿ ಇಂಥ ಮಗುವಿನ ತಾಯಿಯೋ ತಂದೆಯೋ ಒಬ್ಬರಿರಲಿ. ಇವುಗಳಲ್ಲಿ ಹೆಚ್ಚಿನವಕ್ಕೆ ಹೊಸ ಕಾನೂನು ಬೇಡ, ಇರುವ ಕಾನೂನು ಸಾಕು.

ಆ ಹುಡುಗಿ ಈಗ ಮನೆಯಲ್ಲಿ ಸೀರೆಗಳಿಗೆ ಫಾಲ್ ಹಚ್ಚುತ್ತಾಳೆ. ಕೈ ಬಹಳ ಚೊಕ್ಕ, ಗಿರಾಕಿಗಳು ಮೆಚ್ಚುತ್ತಾರೆ. ಫೇಲಾದರೇನು, ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಇನ್ನೊಮ್ಮೆ ಕಟ್ಟಿಸಿ ಎಂದು ಶಾಲೆಯವರು ಹೇಳಿ ಕಳಿಸಿದ್ದಾರೆ. ಒಂದೆರಡಲ್ಲ, ಮೂವತ್ತು ಪರೀಕ್ಷೆ ಇಟ್ಟರೂ ಕಲಿಸದ ಪಾಠವನ್ನು ಅವಳು ಎಲ್ಲಿಂದ ತಂದು ಬರೆಯಬೇಕು? ಮೊನ್ನೆ ಅವಳ ತಾಯಿ ಮತ್ತೆ ಸಿಕ್ಕಿದ್ದಳು. ಅವಳ ತಮ್ಮನಿಗೂ ಕಿವಿ ಮಂದ. ಬರುವ ವರ್ಷ ಅವನು ಎಂಟನೆಯ ತರಗತಿಗೆ ಅದೇ ಶಾಲೆಗೆ ಹೋಗುತ್ತಾನೆ. "ಆಪಾ, ನೀವು ಒಂದು ಮಾತು ಹೇಳಿ ಬರ್ತೀರಾ?" ಎಂದು ಕೇಳಿದಳು.

ಹೋಗುತ್ತೇನೆ. ಆದರೆ ಒಬ್ಬಳೇ ಹೋಗಿ ಹೇಳಿದರೆ ಮತ್ತೆ ಒಂದು ಚಹಾ ಬರುತ್ತದೆ, ರಿಜಿಸ್ಟರ್ ಬರುತ್ತದೆ. ಈ ಬಾರಿ ಹತ್ತು ಜನ ಹೋಗಬೇಕೆಂದಿದ್ದೇನೆ. ನಿಮ್ಮ ಊರಿನ ಶಾಲೆಗೆ ನೀವೂ ಹೋಗಿ. ಕೊನೆಯ ಬೆಂಚಿನಲ್ಲಿ ಕೂತ ಮಗುವಿನ ನೋಟು ಪುಸ್ತಕ ಕೇಳಿ ತೆಗೆದು ನೋಡಿ. ವಾಕ್ಯಗಳು ಪೂರ್ತಿಯಾಗಿವೆಯೇ ಎಂದು ಪರೀಕ್ಷಿಸಿ. ಆಮೇಲೆ ಹೆಡ್‌ಮಾಸ್ತರರ ಕೋಣೆಗೆ ಹೋಗಿ ಆ ತಾಯಿ ಕೇಳಿದ ಪ್ರಶ್ನೆಯನ್ನೇ ಕೇಳಿ: ಇವಳಿಗೆ ಏನು ಕಲಿಸಿದಿರಿ?